ಪ್ಲಗ್ ಬಿಚ್ಚಿದರೂ ನೀರು ಬರುತ್ತಿಲ್ಲವೇ? ಇನ್‌ಬೋರ್ಡ್ ಎಂಜಿನ್‌ನ ಡ್ರೈನ್ ಪ್ಲಗ್: ದೋಷ ನಿವಾರಣೆ ಕೈಪಿಡಿ

ದೋಣಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವ ಮುಂಚೆ, ಅದರ ಒಡಲೊಳಗೆ ಕೂತಿರುವ ಇನ್‌ಬೋರ್ಡ್ ಎಂಜಿನ್‌ನಿಂದ ತಂಪು ಮಾಡುವ ನೀರು ಹೊರಗೆ ಬಿಡಲು ಬ್ಲಾಕ್‌ನ (ಎಂಜಿನ್‌ನ ಎರಕದ ಮುಖ್ಯ ಒಡಲು) ಡ್ರೈನ್ ಪ್ಲಗ್ ಬಿಚ್ಚುತ್ತೀರಿ. ನಾಲ್ಕು ಹನಿ ತೊಟ್ಟಿಕ್ಕುತ್ತದೆ, ಆಮೇಲೆ ಏನೂ ಇಲ್ಲ. ಸರಿ, ಒಳಗೆ ನೀರಿಲ್ಲ ಅಂದುಕೊಂಡು ಪ್ಲಗ್ ವಾಪಸ್ ಹಾಕಿ ಮನೆಗೆ ಹೋಗುತ್ತೀರಿ. ದೋಣಿಯ ಎಂಜಿನ್‌ಗೆ ಇದಕ್ಕಿಂತ ದೊಡ್ಡ ಅಪಾಯ ಕಡಿಮೆ. ಬ್ಲಾಕ್ ಒಳಗೆ ನೀರು ತುಂಬಿಯೇ ಇರುತ್ತದೆ. ತೂತಿನ ಬಾಯಿಗೆ ಹೂಳು ಕಟ್ಟಿಕೊಂಡಿದೆ, ಅಷ್ಟೇ.

ಆ ನೀರು ಒಳಗೇ ಉಳಿದರೆ ಏನಾಗುತ್ತದೆ ಅನ್ನುವುದು ಹವೆಯ ಮೇಲೆ ನಿಂತಿದೆ. ನೀರು ಹೆಪ್ಪುಗಟ್ಟುವ ಚಳಿ ಇದ್ದರೆ ಅದು ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಎರಕದ ಕಬ್ಬಿಣ ಅದಕ್ಕೆ ಬಾಗುವುದಿಲ್ಲ, ಸೀಳುತ್ತದೆ. ಚಳಿ ಇಲ್ಲದ ಕಡೆಯೂ ನಿಂತ ಉಪ್ಪುನೀರು ತಿಂಗಳುಗಟ್ಟಲೆ ಕಬ್ಬಿಣವನ್ನು ತಿನ್ನುತ್ತಲೇ ಇರುತ್ತದೆ. ಹಾಗಾಗಿ ಪ್ಲಗ್ ಬಿಚ್ಚಿದ ಮೇಲೆ ಏನು ಬಂತು, ಎಷ್ಟು ಬಂತು, ಹೇಗೆ ಬಂತು ಅಂತ ನೋಡುವುದೇ ಈ ಕೆಲಸದ ತಿರುಳು.

ಮೊದಲು ಪ್ಲಗ್‌ಗಳನ್ನು ಎಣಿಸಿ

ಒಂದೇ ಪ್ಲಗ್ ಬಿಚ್ಚಿದರೆ ಇಡೀ ಎಂಜಿನ್ ಖಾಲಿಯಾಗುವುದಿಲ್ಲ. ವಿ-6, ವಿ-8 ಎಂಜಿನ್‌ಗಳಲ್ಲಿ ಬ್ಲಾಕ್‌ನ ಎರಡೂ ಬದಿಗೆ ಕೆಳಭಾಗದಲ್ಲಿ ಒಂದೊಂದು ಪ್ಲಗ್ ಇರುತ್ತದೆ. ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿರುವ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಒಂದು ಬದಿಗೆ ಮಾತ್ರ. ಸಿಲಿಂಡರ್‌ಗಳ ಹೊಗೆ ಹೊರಗೆ ಸಾಗಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪ್ರತಿಯೊಂದಕ್ಕೂ ಅದರ ತಗ್ಗಿನ ತುದಿಯಲ್ಲಿ ಬೇರೆ ಪ್ಲಗ್ ಇರುತ್ತದೆ. ಎಂಜಿನ್‌ನ ಬಿಸಿಯನ್ನು ಹೊರಗಿನ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್, ಆಯಿಲ್ ಕೂಲರ್, ನೀರಿನ ಪಂಪ್, ಕೆಲವು ಎಂಜಿನ್‌ಗಳಲ್ಲಿ ಸೈಲೆನ್ಸರ್, ಇವುಗಳಿಗೂ ಪ್ಲಗ್ ಇರಬಹುದು. ಪ್ಲಗ್ ಇಲ್ಲದ ಕಡೆ ತಗ್ಗಿನಲ್ಲಿರುವ ಹೋಸ್ ಬಿಚ್ಚಿ ನೀರು ತೆಗೆಯಬೇಕಾಗುತ್ತದೆ.

ಎಂಜಿನ್‌ನ ಕೈಪಿಡಿಯಲ್ಲಿ ಚಿತ್ರ ಇದ್ದೇ ಇರುತ್ತದೆ. ಅದನ್ನು ಹಿಡಿದು ಒಂದೊಂದನ್ನೂ ಟಾರ್ಚ್ ಬೆಳಕಿನಲ್ಲಿ ಕಣ್ಣಾರೆ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಫ್ಯುಯಲ್ ಇಂಜೆಕ್ಷನ್ ಇರುವ ಕೆಲವು ಎಂಜಿನ್‌ಗಳಲ್ಲಿ ಬ್ಲಾಕ್‌ನ ಡ್ರೈನ್ ತೂತಿನಲ್ಲೇ ನಾಕ್ ಸೆನ್ಸರ್ (ಎಂಜಿನ್‌ನ ಬಡಿತ ಗುರುತಿಸುವ ಸಾಧನ) ಕೂರಿಸಿರುತ್ತಾರೆ. ಅದಕ್ಕೊಂದು ವೈರ್ ಬಂದಿರುತ್ತದೆ. ಅದನ್ನು ಪ್ಲಗ್ ಅಂದುಕೊಂಡು ಸ್ಪ್ಯಾನರ್ ಹಾಕಿ ಜಗ್ಗಬೇಡಿ. ಅಂಥ ಎಂಜಿನ್‌ನಲ್ಲಿ ನೀರು ತೆಗೆಯಲು ಬೇರೆ ಪ್ಲಗ್ ಎಲ್ಲಿದೆ, ಸೆನ್ಸರನ್ನೇ ಬಿಚ್ಚಬೇಕಾ ಅಂತ ಕೈಪಿಡಿ ಹೇಳುತ್ತದೆ.

ಇನ್ನೊಂದು ಸಂಗತಿ ಗೊತ್ತಿರಲೇಬೇಕು. ಹೊರಗಿನ ನೀರು ನೇರ ಬ್ಲಾಕ್‌ನೊಳಗೇ ಹರಿಯುವ ಎಂಜಿನ್ ಒಂದು ಬಗೆ. ಬ್ಲಾಕ್‌ನಲ್ಲಿ ಕೂಲಂಟ್ (ಎಂಜಿನ್ ತಂಪು ಮಾಡುವ ರಾಸಾಯನಿಕ ದ್ರವ) ತುಂಬಿದ್ದು, ಹೊರಗಿನ ನೀರು ಹೀಟ್ ಎಕ್ಸ್‌ಚೇಂಜರ್ ಮೂಲಕ ಮಾತ್ರ ಹಾಯ್ದು ಹೋಗುವ ಎಂಜಿನ್ ಇನ್ನೊಂದು ಬಗೆ. ಎರಡನೆಯದರಲ್ಲಿ ಬ್ಲಾಕ್ ಪ್ಲಗ್ ಬಿಚ್ಚಿದರೆ ಕೂಲಂಟ್ ಬಿಲ್ಜ್‌ಗೆ, ಅಂದರೆ ದೋಣಿಯ ಒಳತಳಕ್ಕೆ, ಸುರಿಯುತ್ತದೆ. ಅದು ವಿಷ. ಬಿಲ್ಜ್ ಪಂಪ್ ಅದನ್ನು ಎತ್ತಿ ನೀರಿಗೆ ಚೆಲ್ಲಬಾರದು. ಪಂಪಿನ ಸ್ವಿಚ್ ಆಫ್ ಮಾಡಿ, ಕೆಳಗೆ ಪಾತ್ರೆ ಹಿಡಿದೇ ಬಿಚ್ಚಿ.

ಕೈ ಹಾಕುವ ಮುಂಚೆ

ದೋಣಿ ನೀರಿನಲ್ಲಿದ್ದರೆ ಮೊದಲು ಸೀಕಾಕ್ (ಹೊರಗಿನ ನೀರು ಒಳಗೆ ಬರುವ ಕವಾಟ) ಮುಚ್ಚಿ. ಇದನ್ನು ಮರೆತರೆ ಹೊರಗಿನ ನೀರು ಪ್ಲಗ್ ತೂತಿನಿಂದಲೋ ಬಿಚ್ಚಿದ ಹೋಸಿನಿಂದಲೋ ಒಳಗೆ ಹರಿದು ಬರುತ್ತದೆ, ದೋಣಿಯೇ ಮುಳುಗಬಹುದು. ಕೀ ತೆಗೆದು ಜೇಬಿಗೆ ಹಾಕಿ. ಬ್ಯಾಟರಿ ಸ್ವಿಚ್ ಆಫ್ ಮಾಡಿ. ಪೆಟ್ರೋಲ್ ಎಂಜಿನ್ ಆದರೆ ಬ್ಯಾಟರಿ ಆಫ್ ಮಾಡುವ ಮುಂಚೆ ಬ್ಲೋಯರ್ (ಎಂಜಿನ್ ಕೋಣೆಯ ಗಾಳಿ ಹೊರಹಾಕುವ ಫ್ಯಾನ್) ಓಡಿಸಿ ಪೆಟ್ರೋಲ್ ಆವಿ ಹೊರಗೆ ಹಾಕಿ, ಮೂಗಿನಿಂದಲೂ ಒಮ್ಮೆ ನೋಡಿ. ಎಂಜಿನ್ ಬಿಸಿ ಇದ್ದಾಗ ಕೂಲಂಟ್ ಇರುವ ಯಾವ ಮುಚ್ಚಳವನ್ನೂ ಬಿಚ್ಚಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ.

ಕೆಲವು ಎಂಜಿನ್‌ಗಳಲ್ಲಿ ಪ್ಲಗ್ ಸ್ಟಾರ್ಟರ್ ಮೋಟರ್ ಪಕ್ಕದಲ್ಲೇ ಇರುತ್ತದೆ. ಬಿಚ್ಚಿದಾಗ ನೀರೆಲ್ಲ ಅದರ ಮೇಲೇ ಬೀಳುತ್ತದೆ. ಒಂದು ಪ್ಲಾಸ್ಟಿಕ್ ಚೀಲ ಹೊದಿಸಿದರೆ ಸಾಕು.

ಪ್ಲಗ್ ಬಿಚ್ಚಿದೆ, ನೀರು ಬರುತ್ತಿಲ್ಲ

ಒಂದು ಗಟ್ಟಿ ತಂತಿ ತಗೊಳ್ಳಿ. ಹಳೆಯ ಸೈಕಲ್ ಕಡ್ಡಿ ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ತುದಿ ಸ್ವಲ್ಪ ಬಗ್ಗಿಸಿ ತೂತಿನೊಳಗೆ ಹಾಕಿ. ನೇರಕ್ಕೆ ಚುಚ್ಚಿ, ಮೇಲಕ್ಕೆ ಚುಚ್ಚಿ, ಅಕ್ಕಪಕ್ಕಕ್ಕೆ ಕೆದಕಿ. ಕರಕರ ಅಂತ ಮರಳು ಸಿಕ್ಕಿದ ಹಾಗೆ ಕೈಗೆ ತಿಳಿಯುತ್ತದೆ. ಮೊದಲು ತುಕ್ಕಿನ ಕೆಸರು ಬರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ನೀರು ನುಗ್ಗುತ್ತದೆ. ಆ ನುಗ್ಗು ಬರುವವರೆಗೆ ಬಿಡಬೇಡಿ. ಮಧ್ಯದಲ್ಲಿ ನಿಂತರೆ ಮತ್ತೆ ಕೆದಕಿ, ಒಂದೇ ಸಲ ನೀಟಾಗಿ ಖಾಲಿಯಾಗುವುದು ಅಪರೂಪ. ಡ್ರಿಲ್ ಮಾತ್ರ ಹಾಕಬೇಡಿ, ಥ್ರೆಡ್ ಹಾಳಾಗುತ್ತದೆ.

ಕೆದಕಿದರೂ ಧಾರೆ ಸಣ್ಣದಾಗಿದ್ದರೆ ಮೇಲಿನಿಂದ ಗಾಳಿ ಸಿಗುತ್ತಿಲ್ಲ ಅಂತ ತಿಳಿಯಿರಿ. ನೀರು ತುಂಬಿದ ಬಾಟಲಿಯನ್ನು ಬೋರಲು ಹಾಕಿದಾಗ ಗುಳುಗುಳು ಅಂತ ತಡೆದು ತಡೆದು ಬರುತ್ತದಲ್ವಾ, ಹಾಗೆ. ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ನೀರಿನ ಹರಿವು ತೆರೆದು ಮುಚ್ಚುವ ಕವಾಟ) ಹತ್ತಿರದ ಮೇಲಿನ ಹೋಸ್ ಸಡಿಲಿಸಿದರೆ ಗಾಳಿ ಒಳಗೆ ಹೋಗಿ ನೀರು ಸರಾಗವಾಗಿ ಇಳಿಯುತ್ತದೆ.

ಮೂರನೆಯ ಕಾರಣ ದೋಣಿ ನಿಂತಿರುವ ಓರೆ. ಮ್ಯಾನಿಫೋಲ್ಡ್ ಪ್ಲಗ್ ಹಿಂದಿನ ತುದಿಯಲ್ಲಿದ್ದು, ಟ್ರೈಲರ್ ಮೇಲೆ ದೋಣಿಯ ಮೂತಿ ಕೆಳಗೆ ಬಾಗಿದ್ದರೆ ನೀರು ಮುಂದಿನ ತುದಿಯಲ್ಲಿ ಉಳಿದುಬಿಡುತ್ತದೆ. ಪ್ಲಗ್ ಇರುವ ಕಡೆ ತಗ್ಗಾಗುವಂತೆ ಟ್ರೈಲರ್‌ನ ಮುಂಭಾಗ ಎತ್ತಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಡಿ.

ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಮಾತ್ರ ತಂತಿಯ ಆಟ ಬೇಡ. ಒಳಗೆ ತೆಳು ಗೋಡೆಯ ಕೊಳವೆಗಳ ಗೊಂಚಲು ಇರುತ್ತದೆ. ಚುಚ್ಚಿ ತೂತಾದರೆ ಕೂಲಂಟ್‌ಗೂ ಹೊರಗಿನ ನೀರಿಗೂ ದಾರಿ ಒಂದಾಗುತ್ತದೆ. ಅಲ್ಲಿ ತುದಿಯ ಮುಚ್ಚಳ ಬಿಚ್ಚಿ ನೋಡುವುದೇ ಸರಿ.

ನಾನು ಪ್ರತಿ ಸಲ ಬಂದ ನೀರನ್ನು ಬಕೆಟ್‌ನಲ್ಲಿ ಹಿಡಿದು ಅಳೆದು ಬರೆದಿಡುತ್ತೇನೆ. ವಿ-8ರಲ್ಲಿ ಮೊದಲು ಬಿಚ್ಚಿದ ಬದಿ ಸ್ವಲ್ಪ ಜಾಸ್ತಿ ಕೊಡಬಹುದು, ಯಾಕೆಂದರೆ ಎರಡೂ ಬದಿ ಮುಂದಿನ ಪಂಪ್ ಮೂಲಕ ಒಂದಕ್ಕೊಂದು ಸೇರಿರುತ್ತವೆ. ಆದರೆ ಒಂದು ಬದಿ ಬಕೆಟ್‌ಗೆ ಧಾರಾಳ ಸುರಿದು ಇನ್ನೊಂದು ಬದಿ ಒಂದು ಲೋಟ ಕೊಟ್ಟು ನಿಂತರೆ ಆ ಬದಿ ಹೂಳು ತುಂಬಿದೆ ಅಂತಲೇ ಅರ್ಥ. ಹಿಂದಿನ ವರ್ಷದ ಲೆಕ್ಕ ಕೈಯಲ್ಲಿದ್ದರೆ ಈ ಅನುಮಾನ ಇನ್ನೂ ಬೇಗ ಬರುತ್ತದೆ. ಹೂಳು ಅಷ್ಟಿದ್ದರೆ ಎರಡೂ ಪ್ಲಗ್ ತೆಗೆದು, ಥರ್ಮೋಸ್ಟಾಟ್ ಮನೆಯಿಂದ ಒಳ್ಳೆಯ ನೀರು ಬಿಟ್ಟು, ಕೆಳಗೆ ತಿಳಿಯಾಗಿ ಬರುವ ತನಕ ತೊಳೆಯಿರಿ.

ಬಂದ ನೀರನ್ನು ಓದುವುದು

ಸುಮ್ನೆ ಚೆಲ್ಲಬೇಡಿ. ಬಕೆಟ್ ಹತ್ತು ನಿಮಿಷ ಅಲ್ಲಾಡದೆ ಇರಲಿ, ಆಮೇಲೆ ಟಾರ್ಚ್ ಹಾಕಿ ನೋಡಿ.

ಕಂದು ಬಣ್ಣ, ತುಕ್ಕಿನ ತೆಳು ಚೂರುಗಳು ಇದ್ದರೆ ಹೆದರಬೇಕಿಲ್ಲ. ಹೊರಗಿನ ನೀರು ನೇರ ಹರಿಯುವ ಕಬ್ಬಿಣದ ಬ್ಲಾಕ್‌ನಲ್ಲಿ ಅದು ಸಹಜ. ಚೂರುಗಳು ದಪ್ಪವಾಗಿ ಪದರ ಪದರವಾಗಿ ಬರುತ್ತಿದ್ದರೆ, ಅದೂ ಮ್ಯಾನಿಫೋಲ್ಡ್‌ನಿಂದ ಬರುತ್ತಿದ್ದರೆ, ಮ್ಯಾನಿಫೋಲ್ಡ್ ಒಳಗಿನಿಂದ ಸವೆಯುತ್ತಿದೆ. ಅದನ್ನು ಬಿಚ್ಚಿ ಪರೀಕ್ಷೆ ಮಾಡಿಸಿ. ಮ್ಯಾನಿಫೋಲ್ಡ್ ತೂತಾದರೆ ನೀರು ನೇರ ಸಿಲಿಂಡರ್ ಸೇರುತ್ತದೆ.

ತಳದಲ್ಲಿ ಮರಳು, ಜೇಡಿ ಕೂತಿದ್ದರೆ ದೋಣಿ ಆಳವಿಲ್ಲದ ಕಡೆ ಓಡಿ ಕೆಸರು ಹೀರಿದೆ. ಒಳಬರುವ ನೀರು ಸೋಸುವ ಸ್ಟ್ರೈನರ್ ಇದ್ದರೆ ಅದನ್ನು ತೆರೆದು ನೋಡಿ, ಜಾಲರಿ ಹರಿದಿರಬಹುದು. ಪಂಪಿನೊಳಗೆ ತಿರುಗುವ ರಬ್ಬರ್ ರೆಕ್ಕೆಗಳ ಚಕ್ರ, ಅಂದರೆ ಇಂಪೆಲ್ಲರ್ ಕೂಡ ಸವೆದಿರುವ ಸಂಭವ ಜಾಸ್ತಿ.

ರಬ್ಬರ್ ಚೂರು ಸಿಕ್ಕಿದರೆ ಅದು ಇಂಪೆಲ್ಲರ್ ರೆಕ್ಕೆ. ಒಂದು ಚೂರು ಸಿಕ್ಕಿತು, ಉಳಿದದ್ದು ಎಲ್ಲಿ? ಪಂಪ್ ತೆರೆದು ಎಷ್ಟು ರೆಕ್ಕೆ ಮುರಿದಿದೆ ಎಣಿಸಿ. ಅಷ್ಟೂ ಚೂರು ಸಿಗುವ ತನಕ ಹುಡುಕಿ. ಅವು ಸಾಮಾನ್ಯವಾಗಿ ಆಯಿಲ್ ಕೂಲರ್‌ನ ಅಥವಾ ಹೀಟ್ ಎಕ್ಸ್‌ಚೇಂಜರ್‌ನ ಬಾಯಲ್ಲಿ ಸಿಕ್ಕಿಹಾಕಿಕೊಂಡು ನೀರು ತಡೆಯುತ್ತವೆ. ಹೊಸ ಇಂಪೆಲ್ಲರ್ ಹಾಕಿದರೂ ಎಂಜಿನ್ ಬಿಸಿಯಾಗುತ್ತದೆ ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ನೀರಿನ ಮೇಲೆ ಎಣ್ಣೆಯ ಪರೆ ಕಂಡರೆ ಆಯಿಲ್ ಕೂಲರ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಬಿಲ್ಜ್‌ನ ಎಣ್ಣೆ ಬಕೆಟ್‌ಗೆ ತಾಗಿರಲೂಬಹುದು, ಆದ್ದರಿಂದ ಬಕೆಟ್ ತೊಳೆದು ಇನ್ನೊಮ್ಮೆ ಹಿಡಿದು ನೋಡಿ. ಆಮೇಲೆ ಡಿಪ್‌ಸ್ಟಿಕ್ ತೆಗೆಯಿರಿ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ. ಎಂಜಿನ್ ಶುರು ಮಾಡಲೇಬೇಡಿ.

ಹೊರಗಿನ ನೀರು ಹರಿಯುವ ಕಡೆಯ ಪ್ಲಗ್‌ನಿಂದ ಹಸಿರೋ ಗುಲಾಬಿಯೋ ಬಣ್ಣದ ಕೂಲಂಟ್ ಬಂದರೆ ಹೀಟ್ ಎಕ್ಸ್‌ಚೇಂಜರ್ ಕೊಳವೆ ಸೋರುತ್ತಿದೆ. ಚಳಿಗಾಲಕ್ಕೆಂದು ಹಿಂದೆ ಯಾರಾದರೂ ಆ ಬದಿಗೇ ಆಂಟಿಫ್ರೀಜ್ ತುಂಬಿದ್ದರೆ ಮಾತು ಬೇರೆ, ಅದನ್ನು ವಿಚಾರಿಸಿಕೊಳ್ಳಿ. ಬಣ್ಣ ನೋಡಿ ಸಾಕು, ರುಚಿ ನೋಡುವ ಚಾಳಿ ಬೇಡ.

ಪ್ಲಗ್ ಸೋರುತ್ತಿದೆ ಅನ್ನಿಸಿದರೆ

ಇಲ್ಲಿ ನನ್ನದೇ ಅನುಭವ ಹೇಳಬೇಕು. ಒಂದು ದೋಣಿಯಲ್ಲಿ ಎಡಬದಿಯ ಬ್ಲಾಕ್ ಪ್ಲಗ್‌ನ ತುದಿಯಿಂದ ಹನಿ ಬೀಳುತ್ತಿತ್ತು. ಪ್ಲಗ್ ಬಿಗಿ ಮಾಡಿದೆ, ನಿಲ್ಲಲಿಲ್ಲ. ಬಿಚ್ಚಿ ಟೇಪ್ ಸುತ್ತಿ ಹಾಕಿದೆ, ನಿಲ್ಲಲಿಲ್ಲ. ಹೊಸ ಪ್ಲಗ್ ತಂದು ಹಾಕಿದೆ. ಮರುದಿನ ಮತ್ತೆ ಅದೇ ಹನಿ. ಕೊನೆಗೆ ಇಡೀ ಬದಿಯನ್ನು ಬಟ್ಟೆಯಿಂದ ಒರೆಸಿ ಎಂಜಿನ್ ಓಡಿಸಿ ನೋಡಿದಾಗ ಗೊತ್ತಾಯಿತು. ಮೇಲಿನ ಮ್ಯಾನಿಫೋಲ್ಡ್ ಹೋಸಿನ ಕ್ಲಿಪ್ ತುಕ್ಕು ತಿಂದು ಸಡಿಲವಾಗಿತ್ತು. ಅಲ್ಲಿಂದ ನೀರು ಬ್ಲಾಕ್‌ಗೆ ಅಂಟಿಕೊಂಡೇ ಇಳಿದು, ಹೊರಗೆ ಚಾಚಿಕೊಂಡ ಪ್ಲಗ್‌ನ ತಲೆಯಿಂದ ಬೀಳುತ್ತಿತ್ತು. ಪ್ಲಗ್‌ಗೆ ಏನೂ ಆಗಿರಲಿಲ್ಲ. ಅಷ್ಟು ಸಲ ಬಿಗಿ ಮಾಡಿದ್ದಕ್ಕೆ ಬ್ಲಾಕ್ ಸೀಳದೆ ಉಳಿದದ್ದು ನನ್ನ ಪುಣ್ಯ.

ಅಂದಿನಿಂದ ನಾನು ಹೀಗೆ ಮಾಡುತ್ತೇನೆ. ಸೋರುವ ಜಾಗ, ಅದರ ಮೇಲಿನ ಜಾಗ, ಎರಡನ್ನೂ ಪೂರ್ತಿ ಒಣಗಿಸುತ್ತೇನೆ. ಪ್ಲಗ್ ಸುತ್ತ ಒಂದು, ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಇನ್ನೊಂದು, ಹೀಗೆ ಟಿಶ್ಯೂ ಕಾಗದದ ಪಟ್ಟಿ ಅಂಟಿಸುತ್ತೇನೆ. ತಿರುಗುವ ಬೆಲ್ಟ್‌ಗೆ ಸಿಕ್ಕದಂತೆ, ಬಿಸಿ ಎಕ್ಸಾಸ್ಟ್‌ಗೆ ತಾಗದಂತೆ ನೋಡಿಕೊಳ್ಳಬೇಕು. ಮೊದಲು ಯಾವ ಪಟ್ಟಿ ಒದ್ದೆಯಾಯಿತು ಅನ್ನುವುದೇ ಉತ್ತರ. ಮೇಲಿನದು ಮೊದಲು ಒದ್ದೆಯಾದರೆ ಪ್ಲಗ್ ಮುಟ್ಟಬೇಡಿ. ಹೋಸ್ ಕ್ಲಿಪ್, ರೈಸರ್‌ನ (ಮ್ಯಾನಿಫೋಲ್ಡ್ ಮೇಲಿನ ಎಕ್ಸಾಸ್ಟ್ ಕೊಳವೆ) ಜೋಡಣೆ, ಪಂಪಿನ ಗ್ಯಾಸ್ಕೆಟ್, ಬ್ಲಾಕ್ ಬದಿಯ ದುಂಡನೆಯ ಕೋರ್ ಪ್ಲಗ್, ಇವನ್ನು ಹುಡುಕಿ. ಉಪ್ಪುನೀರಿನಲ್ಲಿ ಓಡುವ ದೋಣಿಯಾದರೆ ಬಿಳಿ ಉಪ್ಪಿನ ಗೆರೆ ದಾರಿ ತೋರಿಸುತ್ತದೆ, ಗೆರೆಯ ಮೇಲಿನ ತುದಿಯೇ ಮೂಲ.

ಪ್ಲಗ್ ಪಕ್ಕದಲ್ಲಿ ಕೂದಲೆಳೆಯಂಥ ಗೆರೆ ಕಂಡು, ಒರೆಸಿದ ಮೇಲೂ ಅದೇ ಗೆರೆಯಿಂದ ನೀರು ಜಿನುಗಿದರೆ ಅದು ಬ್ಲಾಕ್‌ನದೇ ಸೀಳು. ಅದಕ್ಕೆ ಪ್ಲಗ್‌ನಲ್ಲಿ ಮದ್ದಿಲ್ಲ.

ಟಿಶ್ಯೂ ಪ್ಲಗ್ ಕಡೆಗೇ ಬೆರಳು ತೋರಿಸಿದರೆ ಬಿಚ್ಚಿ ಥ್ರೆಡ್ ನೋಡಿ. ಹಳೆಯ ಟೇಪ್ ಚೂರು, ಮರಳು ಕೂತಿದ್ದರೆ ವೈರ್ ಬ್ರಶ್‌ನಿಂದ ಉಜ್ಜಿ ತೆಗೆಯಿರಿ. ಹಿತ್ತಾಳೆ ಪ್ಲಗ್‌ನ ಹಳದಿ ಹೋಗಿ ನಸುಗೆಂಪು ಬಂದಿದ್ದರೆ, ಚಾಕುವಿನಿಂದ ಗೀರಿದಾಗ ಪುಡಿಯಾಗುವಂತಿದ್ದರೆ, ಅದರೊಳಗಿನ ಸತುವನ್ನು ಉಪ್ಪುನೀರು ತಿಂದುಹಾಕಿದೆ. ನೋಡಲು ಪ್ಲಗ್ ಹಾಗೇ ಇರುತ್ತದೆ, ಶಕ್ತಿ ಇರುವುದಿಲ್ಲ. ಮುಂದಿನ ಸಲ ಬಿಚ್ಚುವಾಗ ತಲೆ ಮುರಿದು ಕೈಗೆ ಬರುತ್ತದೆ. ಈಗಲೇ ಬದಲಿಸಿ.

ಪ್ಲಗ್ ಬಿಚ್ಚಲು ಬರುತ್ತಿಲ್ಲ

ಮೊದಲ ನಿಯಮ: ಎರಡೂ ಕಡೆ ಹಲ್ಲಿರುವ ಪೈಪ್ ರೆಂಚ್, ಅಡ್ಜಸ್ಟಬಲ್ ಸ್ಪ್ಯಾನರ್ ಬದಿಗಿಡಿ. ಹಿತ್ತಾಳೆ ಮೆದು, ಮೂಲೆ ಸವೆದರೆ ಹಿಡಿತವೇ ಇರುವುದಿಲ್ಲ. ಆರು ಮೂಲೆಯ ಸಾಕೆಟ್, ಚೌಕ ತಲೆಯಾದರೆ ಅದಕ್ಕೆಂದೇ ಇರುವ ಸಾಕೆಟ್, ಪೂರ್ತಿ ಒಳಗೆ ಕೂರಿಸಿ.

ತುಕ್ಕು ಸಡಿಲಿಸುವ ಎಣ್ಣೆ ಹಾಕಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಮತ್ತೆ ಹಾಕಿ, ಪ್ಲಗ್‌ನ ತಲೆಗೆ ಸಣ್ಣ ಸುತ್ತಿಗೆಯಿಂದ ನೇರವಾಗಿ ಹತ್ತಾರು ಸಲ ಮೆಲ್ಲಗೆ ಬಡಿಯಿರಿ. ಆ ನಡುಕಕ್ಕೆ ತುಕ್ಕು ಬಿರುಕು ಬಿಡುತ್ತದೆ, ಎಣ್ಣೆ ಇಳಿಯುತ್ತದೆ. ಬಿಚ್ಚುವ ಮುಂಚೆ ಒಂದೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ ನೋಡಿ. ಅಲುಗಿತು ಅಂದರೆ ಗೆದ್ದ ಹಾಗೆ. ಆಮೇಲೆ ಕಾಲು ಸುತ್ತು ಬಿಚ್ಚಿ, ಸ್ವಲ್ಪ ವಾಪಸ್ ಹಾಕಿ, ಮತ್ತೆ ಬಿಚ್ಚಿ.

ಇಷ್ಟಕ್ಕೂ ಬಗ್ಗದಿದ್ದರೆ ಎಂಜಿನ್ ಒಮ್ಮೆ ಓಡಿಸಿ ಬಿಸಿ ಮಾಡಿ ಪೂರ್ತಿ ಆರಲು ಬಿಡಿ. ಸೀಕಾಕ್ ತೆರೆದು, ತಣ್ಣೀರಿನ ವ್ಯವಸ್ಥೆ ಸರಿ ಇದ್ದಾಗ ಮಾತ್ರ. ಹಿತ್ತಾಳೆ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತದೆ, ಜಾಸ್ತಿ ಕುಗ್ಗುತ್ತದೆ. ಬಿಸಿಯಾಗಿ ಆರುವಾಗ ನಡುವಿನ ಅಂಟು ಬಿಡುತ್ತದೆ. ಬಿಲ್ಜ್ ಒಳಗೆ ಬೆಂಕಿಯ ಟಾರ್ಚ್ ಹಚ್ಚುವುದಂತೂ ಬೇಡವೇ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಅದು ತಳದಲ್ಲೇ ಕೂತಿರುತ್ತದೆ.

ತಲೆ ಮುರಿದೇ ಹೋದರೆ ನಡುವಿಗೆ ಸರಿಯಾಗಿ ಪಂಚ್ ಹೊಡೆದು, ಎಡಕ್ಕೆ ತಿರುಗುವ ಡ್ರಿಲ್ ಬಿಟ್‌ನಿಂದ ಕೊರೆಯಬೇಕು. ಎಷ್ಟೋ ಸಲ ಕೊರೆಯುವಾಗಲೇ ಪ್ಲಗ್ ತಾನಾಗಿ ಬಿಚ್ಚಿಕೊಳ್ಳುತ್ತದೆ. ಡ್ರಿಲ್ ಮೋಟರ್‌ನ ಕಿಡಿಯೂ ಕಿಡಿಯೇ, ಆವಿ ಪೂರ್ತಿ ಹೋಗಿರಲಿ. ಗೋಡೆಯ ಥ್ರೆಡ್‌ಗೆ ಬಿಟ್ ತಾಗುವಷ್ಟು ಹತ್ತಿರ ಬಂದಿರಿ ಅಂದರೆ ನಿಲ್ಲಿಸಿ, ಮೆಕ್ಯಾನಿಕ್ ಕರೆಸಿ.

ಹೊಸ ಪ್ಲಗ್: ಅಳತೆ, ಲೋಹ, ಸುತ್ತು

ಅಂಗಡಿಗೆ ಹೋಗಿ ಹೊಂದುವ ಹಾಗೆ ಕಾಣುವ ಪ್ಲಗ್ ತರುವುದರಲ್ಲಿ ಒಂದು ಬಲೆ ಇದೆ. ಓರೆ ಥ್ರೆಡ್‌ಗಳಲ್ಲಿ (ತುದಿಯ ಕಡೆಗೆ ಸಣ್ಣದಾಗುತ್ತ ಹೋಗುವ ಥ್ರೆಡ್) ಅಮೆರಿಕದ ಎನ್‌ಪಿಟಿ ಮತ್ತು ಬ್ರಿಟಿಷ್ ಬಿಎಸ್‌ಪಿಟಿ ಅಂತ ಎರಡು ಪದ್ಧತಿ. ಕಾಲು ಇಂಚಿನ ಎನ್‌ಪಿಟಿಯಲ್ಲಿ ಇಂಚಿಗೆ 18 ಸುತ್ತು, ಕೋನ 60 ಡಿಗ್ರಿ. ಕಾಲು ಇಂಚಿನ ಬಿಎಸ್‌ಪಿಟಿಯಲ್ಲಿ 19 ಸುತ್ತು, ಕೋನ 55 ಡಿಗ್ರಿ. ಒಂದರ ತೂತಿಗೆ ಇನ್ನೊಂದು ಎರಡು ಮೂರು ಸುತ್ತು ಹೋಗಿ ಬಿಗಿಯಾಗುತ್ತದೆ. ಬಿಗಿ ಇದೆಯಲ್ಲ ಅನ್ನಿಸುತ್ತದೆ, ಆದರೆ ಸೋರುತ್ತದೆ. ಬಲ ಹಾಕಿದರೆ ಬ್ಲಾಕ್‌ನ ಥ್ರೆಡ್ ಹಾಳು. ಅರ್ಧ ಇಂಚಿನಲ್ಲಿ ಎರಡಕ್ಕೂ 14 ಸುತ್ತೇ ಇರುವುದರಿಂದ ಅಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ಥ್ರೆಡ್ ಗೇಜ್ ಹಿಡಿದು ನೋಡಿ, ಅಥವಾ ಎಂಜಿನ್ ತಯಾರಕರ ಪಾರ್ಟ್ ನಂಬರ್ ಕೊಟ್ಟೇ ತನ್ನಿ. ಕೆಳಗೆ ತಾಮ್ರದ ವಾಷರ್ ಕೂತಿದ್ದರೆ ಅದು ನೇರ ಥ್ರೆಡ್. ಅದಕ್ಕೆ ಟೇಪ್ ಬೇಡ, ಪ್ರತಿ ಸಲ ಹೊಸ ವಾಷರ್ ಬೇಕು.

ಲೋಹದ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಕಬ್ಬಿಣದ ಬ್ಲಾಕ್‌ಗೆ ಹಿತ್ತಾಳೆ ಅಥವಾ ಕಂಚು. ಉಕ್ಕಿನ ಪ್ಲಗ್ ತುಕ್ಕು ಹಿಡಿದು ಬ್ಲಾಕ್‌ನೊಂದಿಗೆ ಒಂದಾಗಿಬಿಡುತ್ತದೆ. ಹಿತ್ತಾಳೆ ಮೆದುವಾದ್ದರಿಂದ ಏನಾದರೂ ಕೆಡುವುದಿದ್ದರೆ ಪ್ಲಗ್ ಕೆಡುತ್ತದೆ, ಬ್ಲಾಕ್ ಉಳಿಯುತ್ತದೆ. ಉಪ್ಪುನೀರಿಗೆ ಕಂಚು ಇನ್ನೂ ಮೇಲು. ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಆದರೆ ಲೆಕ್ಕ ಬೇರೆ. ಉಪ್ಪುನೀರಿನಲ್ಲಿ ಹಿತ್ತಾಳೆಯ ಪಕ್ಕ ಅಲ್ಯೂಮಿನಿಯಂ ಸವೆಯುತ್ತದೆ, ತಯಾರಕರು ಹೇಳಿದ್ದನ್ನೇ ಹಾಕಿ. ರೆಕ್ಕೆಯಿರುವ ಪ್ಲಾಸ್ಟಿಕ್ ಪ್ಲಗ್‌ಗಳನ್ನು ಕೈಯಿಂದ ಮಾತ್ರ ಬಿಗಿಯಬೇಕು, ಅವುಗಳ ಓ-ರಿಂಗ್ ಬಿರುಕು ಬಿಟ್ಟಿದೆಯೇ ನೋಡಿ. ತಿರುಪುವ ಸಣ್ಣ ನಲ್ಲಿ ಇದ್ದರೆ ಅದನ್ನು ತೆರೆದು ನಂಬಬೇಡಿ. ಅದರ ತೂತು ಕಿರಿದು, ಬೇಗ ಕಟ್ಟುತ್ತದೆ. ಇಡೀ ನಲ್ಲಿಯನ್ನೇ ಬಿಚ್ಚಿ ನೀರು ತೆಗೆಯಿರಿ.

ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಪ್ಲಗ್‌ನಂತೆಯೇ ಕಾಣುವ, ಒಳಗೆ ಪೆನ್ಸಿಲ್‌ನಂಥ ಸತುವಿನ ಕಡ್ಡಿ ಇರುವ ಆನೋಡ್ ಇರಬಹುದು. ತುಕ್ಕು ಬೇರೆ ಲೋಹವನ್ನು ಬಿಟ್ಟು ತನ್ನನ್ನು ತಿನ್ನಲಿ ಅಂತಲೇ ಅದು ಇರುವುದು. ಅರ್ಧ ಸವೆದಿದ್ದರೆ ಬದಲಿಸಿ. ಅದಕ್ಕೆ ಟೇಪ್ ಸುತ್ತಬೇಡಿ, ಲೋಹಕ್ಕೆ ಲೋಹ ತಾಗಿದರೇ ಅದು ಕೆಲಸ ಮಾಡುವುದು. ಮುರಿದು ಒಳಗೆ ಬಿದ್ದ ಚೂರುಗಳನ್ನು ತೆಗೆಯಿರಿ.

ಓರೆ ಥ್ರೆಡ್‌ನ ಪ್ಲಗ್‌ಗೆ ಟೆಫ್ಲಾನ್ ಟೇಪ್ ಎರಡು ಮೂರು ಸುತ್ತು ಸಾಕು. ಪ್ಲಗ್‌ನ ತುದಿ ನಿಮ್ಮ ಕಡೆ ಇರುವಂತೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ಕಡೆಗೆ ಸುತ್ತಿ, ಇಲ್ಲದಿದ್ದರೆ ಹಾಕುವಾಗ ಬಿಚ್ಚಿಕೊಳ್ಳುತ್ತದೆ. ತುದಿಯ ಮೊದಲ ಥ್ರೆಡ್ ಖಾಲಿ ಬಿಡಿ, ಟೇಪ್ ಚೂರು ನೀರಿನ ದಾರಿಗೆ ಹೋಗಬಾರದು. ಕೈಯಲ್ಲಿ ಬಿಗಿಯಾಗುವ ತನಕ ತಿರುಗಿಸಿ, ಆಮೇಲೆ ಸ್ಪ್ಯಾನರ್‌ನಲ್ಲಿ ಸಾಮಾನ್ಯವಾಗಿ ಒಂದೂವರೆ ಎರಡು ಸುತ್ತು. ಈ ಥ್ರೆಡ್ 16ಕ್ಕೆ 1ರಂತೆ ದಪ್ಪವಾಗುತ್ತ ಹೋಗುವ ಬೆಣೆ ಇದ್ದ ಹಾಗೆ. ಬಿಗಿದಷ್ಟೂ ತೂತನ್ನು ಅಗಲಿಸುತ್ತದೆ. ಪ್ಲಗ್ ಪೂರ್ತಿ ಒಳಗೆ ಹೋಗಬೇಕು ಅಂತೇನಿಲ್ಲ, ಒಂದೆರಡು ಥ್ರೆಡ್ ಹೊರಗೆ ಕಂಡರೂ ಸರಿಯೇ.

ವಾಪಸ್ ಶುರು ಮಾಡುವಾಗ

ಬಿಚ್ಚಿದ ಪ್ಲಗ್‌ಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿ ಸ್ಟೀರಿಂಗ್‌ಗೆ ಕಟ್ಟಿ. ಎಷ್ಟು ಅಂತ ಚೀಲದ ಮೇಲೆ ಬರೆಯಿರಿ. ಹಾಕಿದ ಮೇಲೆ ಚೀಲ ಖಾಲಿಯಾಗಬೇಕು, ಲೆಕ್ಕ ತಾಳೆಯಾಗಬೇಕು. ದೋಣಿಯ ತಳದ ಪ್ಲಗ್ ಎಂಜಿನ್‌ನದಲ್ಲ, ಅದನ್ನು ಬೇರೆಯಾಗಿಯೇ ನೋಡಿ.

ಸೀಕಾಕ್ ತೆರೆಯಿರಿ, ಬಿಚ್ಚಿದ ಹೋಸ್‌ಗಳ ಕ್ಲಿಪ್ ಮುಟ್ಟಿ ನೋಡಿ. ಪೆಟ್ರೋಲ್ ಎಂಜಿನ್ ಆದರೆ ಬ್ಲೋಯರ್ ಕನಿಷ್ಠ 4 ನಿಮಿಷ ಓಡಲಿ. ದೋಣಿ ನೆಲದ ಮೇಲಿದ್ದರೆ ನೀರಿನ ಪೈಪ್ ಜೋಡಿಸದೆ ಎಂಜಿನ್ ಶುರು ಮಾಡಬೇಡಿ. ಇಂಪೆಲ್ಲರ್ ಒಣಗಿ ತಿರುಗಿದರೆ ಒಂದು ನಿಮಿಷದೊಳಗೇ ಹಾಳಾಗಬಹುದು.

ಶುರುವಾದ ಕೂಡಲೇ ಎಕ್ಸಾಸ್ಟ್‌ನಿಂದ ನೀರು ಬರುತ್ತಿದೆಯೇ ನೋಡಿ. ಆಮೇಲೆ ಪ್ರತಿ ಪ್ಲಗ್ ಮೇಲೂ ಟಾರ್ಚ್ ಹಾಕಿ: ತಣ್ಣಗಿದ್ದಾಗ ಒಮ್ಮೆ, ಎಂಜಿನ್ ಪೂರ್ತಿ ಬಿಸಿಯಾದಾಗ ಒಮ್ಮೆ. ತಣ್ಣಗಿದ್ದಾಗ ಸೋರದ ಪ್ಲಗ್ ಬಿಸಿಯಾದ ಮೇಲೆ ಸೋರುವುದುಂಟು, ಬಿಸಿಯಲ್ಲಿ ನಿಂತದ್ದು ಆರಿದ ಮೇಲೆ ಜಿನುಗುವುದೂ ಉಂಟು. ಹಾಗಾಗಿ ಮೊದಲ ಸವಾರಿ ಮುಗಿಸಿ ಬಂದು, ಎಂಜಿನ್ ಆರಿದ ಮೇಲೆ ಪ್ರತಿ ಪ್ಲಗ್ ಕೆಳಗೆ ಒಣ ಟಿಶ್ಯೂ ಇಟ್ಟು ಮನೆಗೆ ಹೋಗಿ. ಬೆಳಿಗ್ಗೆ ಬಂದು ಒಂದೊಂದೇ ಎತ್ತಿ ನೋಡಿ.